ಎಕಾನಮಿ ನೋಡಿ ವೋಟ್ ಹಾಕೋದಾದ್ರೆ ಯಾರಿಗೆ ಹಾಕ್ಬೇಕು?

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಹತ್ತಿರ ಬಂದಾಗಲೆಲ್ಲ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕನ್ನಡ ಕೂಟದ ಊಟದ ಸಾಲಿನಲ್ಲಿ ಕೇಳುತ್ತಾರೆ, ಆಫೀಸಿನಲ್ಲಿ ಕೇಳುತ್ತಾರೆ, ಮೈಸೂರಿನಿಂದ ಚಿಕ್ಕಪ್ಪ ಫೋನ್ ಮಾಡಿದಾಗಲೂ ಇದೇ: "ಬೇರೆಲ್ಲ ಇರ್ಲಿ, ಎಕಾನಮಿಗೆ ಯಾರು ಬಂದ್ರೆ ಒಳ್ಳೇದು ಹೇಳು." ನಾನು ಇಲ್ಲಿ ವೋಟ್ ಹಾಕುತ್ತೇನೆ, ದುಡ್ಡಿನ ಸುದ್ದಿ ಸ್ವಲ್ಪ ಜಾಸ್ತಿ ಓದುತ್ತೇನೆ. ಉತ್ತರ ಕೊಡಲು ನನಗಿರುವ ಅರ್ಹತೆ ಅಷ್ಟೇ. ಕೇಳುವವರಲ್ಲಿ ಬಹಳ ಜನಕ್ಕೆ ಇಲ್ಲಿ ವೋಟೇ ಇಲ್ಲ, ಅದು ಬೇರೆ ಮಾತು. ಎಚ್-1ಬಿ ವೀಸಾದಲ್ಲಿ ಬಂದು ಗ್ರೀನ್ ಕಾರ್ಡಿಗೆ ಕಾಯುತ್ತಿರುವವರೇ ಎಲ್ಲರಿಗಿಂತ ಜೋರಾಗಿ ವಾದ ಮಾಡುತ್ತಾರೆ. ತಪ್ಪಿಲ್ಲ, ಬಿಸಿ ಮೊದಲು ತಟ್ಟುವುದು ಅವರಿಗೇ.

ಹೆಸರು ಹೇಳುವುದಿಲ್ಲ. ಅಭ್ಯರ್ಥಿಗಳು ಆಡುವ ದುಡ್ಡಿನ ಮಾತುಗಳನ್ನು ನಾನು ಹೇಗೆ ತೂಗುತ್ತೇನೆ ಅಂತ ಬೇಕಾದರೆ ಹೇಳುತ್ತೇನೆ. ನಾನು ಮೊದಲು ಕೇಳಿಕೊಳ್ಳುವುದು ಇದು: ಇವರು ಹೇಳುತ್ತಿರುವ ಕೆಲಸ ಅಧ್ಯಕ್ಷರ ಕೈಯಲ್ಲಿದೆಯಾ?

ಋಷ್ಯಶೃಂಗ ಮುನಿ ಕಾಲಿಟ್ಟ ಕಡೆ ಮಳೆ ಬರುತ್ತಿತ್ತಂತೆ. ಮಳೆ ಕೈಕೊಟ್ಟರೆ ಶೃಂಗೇರಿ ಹತ್ತಿರದ ಕಿಗ್ಗಕ್ಕೆ ಹೋಗಿ ಪೂಜೆ ಮಾಡಿಸುವುದು ಅದಕ್ಕೇ. ಅಮೆರಿಕದ ಜನ ತಮ್ಮ ಅಧ್ಯಕ್ಷರನ್ನು ನೋಡುವುದೂ ಹೀಗೇ. ಅವರು ಬಂದರು, ಕೆಲಸ ಸಿಕ್ಕಿತು. ಇವರು ಬಂದರು, ಪೆಟ್ರೋಲ್ ತುಟ್ಟಿಯಾಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಅಲನ್ ಬ್ಲೈಂಡರ್ ಮತ್ತು ಮಾರ್ಕ್ ವಾಟ್ಸನ್ 2016ರಲ್ಲಿ ಈ ವಿಷಯದ ಮೇಲೆ ಒಂದು ಸಂಶೋಧನಾ ಲೇಖನ ಪ್ರಕಟಿಸಿದರು. ಎರಡನೇ ಮಹಾಯುದ್ಧದ ನಂತರದ ಲೆಕ್ಕ ತೆಗೆದರೆ, ಡೆಮಾಕ್ರಟ್ ಅಧ್ಯಕ್ಷರಿದ್ದಾಗ ದೇಶದ ಬೆಳವಣಿಗೆ ದರ ರಿಪಬ್ಲಿಕನ್ನರ ಕಾಲಕ್ಕಿಂತ ಸರಾಸರಿ 1.8 ಶೇಕಡಾ ಪಾಯಿಂಟ್ ಜಾಸ್ತಿ ಇತ್ತು. ಸಣ್ಣ ಅಂತರವಲ್ಲ. ಆದರೆ ಯಾಕೆ ಅಂತ ಹುಡುಕಿದಾಗ ಅವರಿಗೆ ಸಿಕ್ಕಿದ್ದು ತೈಲ ಬೆಲೆಯ ಏರಿಳಿತ, ಉತ್ಪಾದಕತೆಯ ಏರಿಕೆ, ಹೊರದೇಶಗಳ ಪರಿಸ್ಥಿತಿ ಇಂಥವು. ತೆರಿಗೆ, ಖರ್ಚು, ಬಡ್ಡಿದರದ ನೀತಿಗಳಿಂದ ಈ ಅಂತರ ಬಂತು ಅನ್ನಲು ಆಧಾರ ಸಿಗಲಿಲ್ಲ. ಬ್ಲೈಂಡರ್ ಸ್ವತಃ ಕ್ಲಿಂಟನ್ ಅವರ ಆರ್ಥಿಕ ಸಲಹೆಗಾರರ ಮಂಡಳಿಯಲ್ಲಿ ಇದ್ದವರು. ನನ್ನ ಡೆಮಾಕ್ರಟ್ ಗೆಳೆಯರು ಮಾತ್ರ ಈ ಲೇಖನದ ಮೊದಲರ್ಧವನ್ನಷ್ಟೇ ಫಾರ್ವರ್ಡ್ ಮಾಡುತ್ತಾರೆ.

ಹಾಗಾಗಿ "ನನ್ನ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು" ಅನ್ನುವ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ 1980. ಚುನಾವಣೆಗೆ ಒಂದು ವಾರ ಇರುವಾಗ ನಡೆದ ಚರ್ಚೆಯಲ್ಲಿ ರೊನಾಲ್ಡ್ ರೇಗನ್ ಕ್ಯಾಮೆರಾ ನೋಡಿ ಜನರನ್ನೇ ಕೇಳಿದರು: ನಾಲ್ಕು ವರ್ಷದ ಹಿಂದೆ ಇದ್ದದ್ದಕ್ಕಿಂತ ಈಗ ಚೆನ್ನಾಗಿದ್ದೀರಾ? ಆ ವರ್ಷ ಹಣದುಬ್ಬರ ಶೇ. 13ರ ಮೇಲಿತ್ತು. ಜನ ಇಲ್ಲ ಅಂದರು, ಜಿಮ್ಮಿ ಕಾರ್ಟರ್ ಸೋತರು. ಆದರೆ ಹಣದುಬ್ಬರವನ್ನು ಕೊನೆಗೆ ಮುರಿದದ್ದು ಫೆಡರಲ್ ರಿಸರ್ವ್ ಅಧ್ಯಕ್ಷ ಪಾಲ್ ವೋಲ್ಕರ್. ಫೆಡ್ ಅಂದರೆ ನಮ್ಮ ರಿಸರ್ವ್ ಬ್ಯಾಂಕ್ ಇದ್ದ ಹಾಗೆ. ಅವರನ್ನು 1979ರಲ್ಲಿ ನೇಮಿಸಿದ್ದು ಇದೇ ಕಾರ್ಟರ್. ವೋಲ್ಕರ್ ಬಡ್ಡಿದರವನ್ನು ಶೇ. 20ರ ಹತ್ತಿರಕ್ಕೆ ಏರಿಸಿದರು. 1982ರ ಕೊನೆಗೆ ನಿರುದ್ಯೋಗ ಶೇ. 10.8 ಮುಟ್ಟಿತು, ಆಗ ಅಧ್ಯಕ್ಷರು ರೇಗನ್. ಆ ತಿಂಗಳು ಅದೇ ಪ್ರಶ್ನೆ ಕೇಳಿದ್ದರೆ ಜನ ರೇಗನ್ನರನ್ನೂ ಮನೆಗೆ ಕಳಿಸುತ್ತಿದ್ದರು ಅಂತ ನನ್ನ ಅಂದಾಜು. ಎರಡು ವರ್ಷದಲ್ಲಿ ಹಣದುಬ್ಬರ ಇಳಿದಿತ್ತು, ಕೆಲಸ ವಾಪಸ್ ಬಂದಿತ್ತು. 1984ರಲ್ಲಿ ರೇಗನ್ 50ರಲ್ಲಿ 49 ರಾಜ್ಯ ಗೆದ್ದರು.

ಅಂದರೆ ರೇಗನ್ನರದ್ದು ಬರೀ ಅದೃಷ್ಟವಾ? ಅಲ್ಲ. ನಿರುದ್ಯೋಗ ಅಷ್ಟು ಏರಿದಾಗ ವೋಲ್ಕರ್ ಮೇಲೆ ಬೀಳುವುದು ಸುಲಭವಿತ್ತು. ಸ್ವಂತ ಪಕ್ಷದವರೇ ಕೂಗಾಡುತ್ತಿದ್ದರು. ರೇಗನ್ 1983ರಲ್ಲಿ ಅದೇ ಮನುಷ್ಯನನ್ನು ಮತ್ತೆ ನೇಮಿಸಿದರು. ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡವರು 1970ರ ದಶಕದ ಆರಂಭದಲ್ಲಿ ಅಧ್ಯಕ್ಷರಾಗಿದ್ದ ನಿಕ್ಸನ್. 1972ರ ಚುನಾವಣೆಗೆ ಮುಂಚೆ ಅಂದಿನ ಫೆಡ್ ಅಧ್ಯಕ್ಷ ಆರ್ಥರ್ ಬರ್ನ್ಸ್ ಮೇಲೆ ದುಡ್ಡು ಸಡಿಲ ಬಿಡುವಂತೆ ಒತ್ತಡ ಹಾಕಿದ್ದು ಅವರದೇ ಟೇಪುಗಳಲ್ಲಿ ದಾಖಲಾಗಿದೆ. ಅದೇ ವರ್ಷ ವೃದ್ಧರ ಸೋಷಿಯಲ್ ಸೆಕ್ಯೂರಿಟಿ ಹಣ ಶೇ. 20ರಷ್ಟು ಏರಿತು, ಏರಿದ ಚೆಕ್ ಮನೆಗೆ ಬಂದದ್ದು ಅಕ್ಟೋಬರಿನಲ್ಲಿ, ವೋಟಿಗೆ ತಿಂಗಳಿರುವಾಗ. ಭರ್ಜರಿಯಾಗಿ ಗೆದ್ದರು. ಅದರ ಬಿಲ್, ಅಂದರೆ ಹಣದುಬ್ಬರ, ಆಮೇಲೆ ಬಂತು.

ಬಡ್ಡಿದರ ಅಧ್ಯಕ್ಷರ ಕೈಯಲ್ಲಿಲ್ಲ, ಆದರೆ ಅದನ್ನು ನಿರ್ಧರಿಸುವವರನ್ನು ಆರಿಸುವುದು ಅವರೇ, ಸೆನೆಟ್ (ಇಲ್ಲಿನ ಸಂಸತ್ತಿನ ಮೇಲ್ಮನೆ) ಒಪ್ಪಿದರೆ. ಫೆಡ್ ಗವರ್ನರ್ ಅವಧಿ 14 ವರ್ಷ. ಅಭ್ಯರ್ಥಿ ಫೆಡ್ ಬಗ್ಗೆ ಹೇಗೆ ಮಾತಾಡುತ್ತಾರೆ, "ಬಡ್ಡಿ ಇಳಿಸಿ" ಅಂತ ಕೂಗುತ್ತಾರಾ, ಅದನ್ನು ನಾನು ಉಳಿದೆಲ್ಲ ಭರವಸೆಗಿಂತ ಮೇಲೆ ಇಡುತ್ತೇನೆ. ಮನೆ ಸಾಲ ಇರುವವರಿಗೆ ಇದು ಬೇಸರದ ವಿಷಯ ಅನ್ನಿಸಬಹುದು. 2021ರಲ್ಲಿ ಶೇ. 3ರ ಆಸುಪಾಸಿನಲ್ಲಿ ಸಾಲ ತೆಗೆದವರನ್ನೂ 2023ರಲ್ಲಿ ಶೇ. 7ಕ್ಕೆ ತೆಗೆದವರನ್ನೂ ಅಕ್ಕಪಕ್ಕ ಕೂರಿಸಿ ಕೇಳಿ, ಬೇಸರ ಹೋಗುತ್ತದೆ.

ಇನ್ನು ಬೆಲೆ. 2022ರ ಜೂನ್‌ನಲ್ಲಿ ಹಣದುಬ್ಬರ ಶೇ. 9.1 ಇತ್ತು. 2024ರ ಚುನಾವಣೆ ಹೊತ್ತಿಗೆ ಶೇ. 3ಕ್ಕಿಂತ ಕೆಳಗಿತ್ತು. ಆದರೂ ಅಂಗಡಿಗೆ ಹೋದರೆ ಎಲ್ಲ ತುಟ್ಟಿ. ಹಣದುಬ್ಬರ ಇಳಿಯಿತು ಅಂದರೆ ಬೆಲೆ ಏರುವ ವೇಗ ಇಳಿಯಿತು ಅಂತ, ಬೆಲೆ ಇಳಿಯಿತು ಅಂತಲ್ಲ. ಆ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಟ್ರಂಪ್ ಬೆಲೆ ಇಳಿಸುತ್ತೇನೆ ಅಂದರು. ಡೆಮಾಕ್ರಟ್ ಅಭ್ಯರ್ಥಿ ಕಮಲಾ ಹ್ಯಾರಿಸ್ ದಿನಸಿ ಬೆಲೆ ಸುಮ್ಮಸುಮ್ಮನೆ ಏರಿಸುವವರ ಮೇಲೆ ಕಾನೂನು ತರುತ್ತೇನೆ ಅಂದರು. ಎರಡಕ್ಕೂ ನಾನು ಕೊಟ್ಟ ತೂಕ ಹೆಚ್ಚುಕಡಿಮೆ ಸೊನ್ನೆ. ದೇಶದಲ್ಲಿ ಎಲ್ಲ ಬೆಲೆಯೂ ಒಟ್ಟಿಗೆ ಬಿದ್ದದ್ದು 1930ರ ದಶಕದ ಮಹಾಕುಸಿತದಲ್ಲಿ. ಅದು ಯಾರಿಗೂ ಬೇಡ.

ನಾನು ಗಂಭೀರವಾಗಿ ತಗೊಳ್ಳುವುದು ಆಮದು ಸುಂಕದ ಮಾತನ್ನು. ಯಾಕೆಂದರೆ ಸುಂಕ ಹಾಕುವ ಅಧಿಕಾರವನ್ನು ಕಾಂಗ್ರೆಸ್ (ನಮ್ಮೂರಿನ ಪಕ್ಷವಲ್ಲ, ಇಲ್ಲಿನ ಸಂಸತ್ತು) 1962 ಮತ್ತು 1974ರ ಕಾನೂನುಗಳಲ್ಲಿ ಬಹಳಷ್ಟು ಅಧ್ಯಕ್ಷರ ಕೈಗೇ ಕೊಟ್ಟಿದೆ. 2018ರಲ್ಲಿ ಟ್ರಂಪ್ ವಾಷಿಂಗ್ ಮಷಿನ್ ಮೇಲೆ ಸುಂಕ ಹಾಕಿದರು. ಸುಂಕ ಕಟ್ಟುವುದು ಹೊರದೇಶದ ಸರ್ಕಾರವಲ್ಲ, ಸಾಮಾನು ತರಿಸುವ ಅಮೆರಿಕದ ಕಂಪನಿ. ಮಷಿನ್ ಬೆಲೆ ಶೇ. 12ರ ಹತ್ತಿರ ಏರಿತು ಅಂತ ಫೆಡ್ ಮತ್ತು ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಮಜಾ ಏನೆಂದರೆ, ಸುಂಕವೇ ಇಲ್ಲದ, ಬಟ್ಟೆ ಒಣಗಿಸುವ ಡ್ರೈಯರ್ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಏರಿತು. ಎರಡನ್ನೂ ಜನ ಜೋಡಿಯಾಗಿ ಕೊಳ್ಳುತ್ತಾರೆ, ಅಂಗಡಿಯವರು ಏರಿಕೆಯನ್ನು ಎರಡರ ಮೇಲೂ ಹಂಚಿದರು. ಹೊಸದಾಗಿ ಸುಮಾರು 1,800 ಕೆಲಸ ಬಂದವು ನಿಜ, ಆದರೆ ಒಂದೊಂದು ಕೆಲಸಕ್ಕೆ ಗ್ರಾಹಕರು ತೆತ್ತದ್ದು ಸುಮಾರು 8 ಲಕ್ಷ ಡಾಲರ್. ಇದು ಒಂದೇ ಪಕ್ಷದ ಚಟ ಅಂದುಕೊಳ್ಳಬೇಡಿ. ಬೈಡನ್ ಬಂದ ಮೇಲೂ ಚೀನಾ ಮೇಲಿನ ಸುಂಕ ಬಹುಪಾಲು ಹಾಗೇ ಉಳಿಯಿತು, 2024ರಲ್ಲಿ ಚೀನಾದ ಎಲೆಕ್ಟ್ರಿಕ್ ಕಾರುಗಳ ಮೇಲಿನದು ಶೇ. 100 ಆಯಿತು. 2025ರ ಆಗಸ್ಟ್‌ನಲ್ಲಿ ಭಾರತದ ಸಾಮಾನಿನ ಮೇಲೆ ಶೇ. 50 ಬಿದ್ದಾಗ ಬೆಂಗಳೂರಿನ ಗಾರ್ಮೆಂಟ್ಸ್‌ನವರಿಗೂ ಈ ಪಾಠ ತಲುಪಿತು. ಅದರ ಮರುತಿಂಗಳು ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆ ಬಂತಲ್ಲ, ಅದಕ್ಕೂ ಕಾಂಗ್ರೆಸ್ಸಿನಲ್ಲಿ ಮತ ಹಾಕಿಸಲಿಲ್ಲ. ಹೀಗೆ ಪೆನ್ನಿನಿಂದ ಆಗುವ ಕೆಲಸದ ಬಗ್ಗೆ ಅಭ್ಯರ್ಥಿ ಏನು ಹೇಳಿದರೂ ನಾನು ಅಕ್ಷರಶಃ ನಂಬುತ್ತೇನೆ. "ಅಯ್ಯೋ, ಅದು ಸುಮ್ನೆ ಚುನಾವಣೆ ಮಾತು" ಅನ್ನುವವರು ಆಮೇಲೆ ಬಿಲ್ ನೋಡಿ ಗಾಬರಿಯಾಗುತ್ತಾರೆ.

ತೆರಿಗೆ ಕಡಿತದ ಭರವಸೆಗಳನ್ನು ಅರ್ಧ ಮಾತ್ರ ನಂಬುತ್ತೇನೆ, ಅದಕ್ಕೆ ಕಾಂಗ್ರೆಸ್ ಕಾನೂನು ಪಾಸು ಮಾಡಬೇಕು. 2024ರಲ್ಲಿ ಟಿಪ್ಸ್ ಮೇಲೆ ತೆರಿಗೆ ಬೇಡ ಅಂತ ಇಬ್ಬರೂ ಹೇಳಿದರು. ದುಡ್ಡು ಎಲ್ಲಿಂದ ಅಂತ ಇಬ್ಬರೂ ಸರಿಯಾಗಿ ಹೇಳಲಿಲ್ಲ. ಪಕ್ಷಗಳಿಂದ ದೂರವಿರುವ ಕಮಿಟಿ ಫಾರ್ ಎ ರೆಸ್ಪಾನ್ಸಿಬಲ್ ಫೆಡರಲ್ ಬಜೆಟ್ ಆ ಅಕ್ಟೋಬರಿನಲ್ಲಿ ಅಂದಾಜು ಮಾಡಿದ್ದು ಹೀಗೆ: ಹತ್ತು ವರ್ಷದಲ್ಲಿ ಹ್ಯಾರಿಸ್ ಯೋಜನೆಗಳಿಂದ ಸುಮಾರು 3.5 ಲಕ್ಷ ಕೋಟಿ ಡಾಲರ್ ಹೆಚ್ಚುವರಿ ಸಾಲ, ಟ್ರಂಪ್ ಯೋಜನೆಗಳಿಂದ ಸುಮಾರು 7.5 ಲಕ್ಷ ಕೋಟಿ. ನಾನು ಈ ಲೆಕ್ಕ ತೋರಿಸಿದಾಗ ಎರಡೂ ಕಡೆಯ ಗೆಳೆಯರು ಒಟ್ಟಿಗೆ ಮುಖ ಗಂಟಿಕ್ಕಿದರು.

ಇಷ್ಟೆಲ್ಲ ಆದ ಮೇಲೂ ನನ್ನ ವೋಟಿನಲ್ಲಿ ಎಕಾನಮಿಯ ಪಾಲು ಅರ್ಧಕ್ಕಿಂತ ಕಡಿಮೆ. ಯುದ್ಧ, ನ್ಯಾಯಾಧೀಶರ ನೇಮಕ, ವಲಸೆ, ಇವುಗಳಲ್ಲಿ ಅಧ್ಯಕ್ಷರ ಕೈ ಎಷ್ಟೋ ಉದ್ದ. "ಬೇರೆಲ್ಲ ಇರ್ಲಿ" ಅನ್ನುವುದನ್ನೇ ನಾನು ಒಪ್ಪುವುದಿಲ್ಲ.

ತೆರಿಗೆಯೇ ನಿಮಗೆ ಮುಖ್ಯವಾದರೆ ಅದೇ ಮತಪತ್ರದಲ್ಲಿ ಸ್ವಲ್ಪ ಕೆಳಗೆ ನೋಡಿ. ಹೌಸ್‌ನ (ಸಂಸತ್ತಿನ ಕೆಳಮನೆ) 435 ಸ್ಥಾನಗಳಿಗೂ ಸೆನೆಟ್‌ನ ಮೂರನೇ ಒಂದು ಭಾಗಕ್ಕೂ ಅವತ್ತೇ ಚುನಾವಣೆ. ಆ ಅಭ್ಯರ್ಥಿಗಳ ಬಗ್ಗೆ ನನ್ನನ್ನು ಯಾರೂ ಕೇಳುವುದಿಲ್ಲ. ಕಂಪನಿಗಳ ತೆರಿಗೆಯನ್ನು ಶೇ. 35ರಿಂದ 21ಕ್ಕೆ ಇಳಿಸಿದ 2017ರ ಕಾನೂನು ಸೆನೆಟ್‌ನಲ್ಲಿ 51-48ರಲ್ಲಿ ಪಾಸಾಯಿತು. 2025ರ ತೆರಿಗೆ ಕಾನೂನಿಗೆ ಬಿದ್ದದ್ದು 50-50. ಉಪಾಧ್ಯಕ್ಷರು ಬಂದು ತಮ್ಮ ಒಂದು ಮತ ಹಾಕಬೇಕಾಯಿತು.