ಹೊನ್ನೆ ಮುಚ್ಚಿಗೆಯ ಕೆಳಗೆ ಯಾವ ನೆಲ?

ಶಿವಮೊಗ್ಗದಲ್ಲಿದ್ದುಕೊಂಡು ಮನೆಗಳ ಒಳಾಂಗಣ ವಿನ್ಯಾಸ ಮಾಡುವ ನಾನು, ಸಾಗರ ತಾಲ್ಲೂಕಿನ ಒಂದು ಹಳೆಯ ಮನೆಗೆ ನೆಲ ಆರಿಸುವಾಗ ಮಾಡಿದ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಆ ಕುಟುಂಬದವರು ಮುಳುಗಡೆಯಾಗಲಿದ್ದ ಮನೆಯನ್ನು ಬಿಚ್ಚಿ, ಅದರ ಮರಮಟ್ಟನ್ನೇ ತಂದು ಈ ಮನೆ ಕಟ್ಟಿಸಿದ್ದರು. ಹೊನ್ನೆ ಮರದ ಹಲಗೆಯ ಮುಚ್ಚಿಗೆಯೇ, ಅಂದರೆ ಕೋಣೆಯ ಒಳಛಾವಣಿಯೇ, ಮನೆಯ ಆಸ್ತಿ, ನೆಲ ಅದಕ್ಕೆ ಒಪ್ಪಬೇಕು ಎಂಬುದೊಂದೇ ಅವರ ಬೇಡಿಕೆಯಾಗಿತ್ತು.

ಒಪ್ಪುವುದೆಂದರೆ ಬಣ್ಣ ಹೊಂದುವುದು ಎಂದುಕೊಂಡ ನಾನು, ಅಂಗಡಿಯ ದೀಪದ ಕೆಳಗೆ ಹೊನ್ನೆಯಂತೆಯೇ ಕಂಡ, ಮರದ ನಾರಿನ ಅಚ್ಚಿರುವ ಕಂದು ವಿಟ್ರಿಫೈಡ್ ಟೈಲ್ಸನ್ನು ಮೊದಲು ಒಂದು ಕೋಣೆಗೆ ಹಾಕಿಸಿದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಹೋಗಿ ನೋಡಿದರೆ ಮುಚ್ಚಿಗೆ ಕಪ್ಪಿಟ್ಟಂತೆ ಕಾಣುತ್ತಿತ್ತು. "ಪೆಟ್ಟಿಗೆ ಒಳಗೆ ಕೂತ ಹಾಗಾಗ್ತದೆ ತಂಗೀ" ಎಂದರು ಮನೆಯ ಅಜ್ಜಿ.

ಕಾರಣ ಹೊಳೆದದ್ದು ಅದೇ ಕೋಣೆಯಲ್ಲಿ. ಒಣಗದ ಬಿಳಿ ಪಂಚೆಯೊಂದನ್ನು ಅಜ್ಜಿ ನೆಲದ ಮೇಲೆ ಹರವಿದ್ದರು. ಅದರ ನೇರಕ್ಕೆ ಮೇಲಿದ್ದ ನಾಲ್ಕೈದು ಹಲಗೆಗಳಲ್ಲಿ ಮಾತ್ರ ಮರದ ನಾರು, ಜೇನಿನ ಬಣ್ಣ, ಹಿಂದಿನ ಮನೆಯಲ್ಲಿ ಹೊಡೆದಿದ್ದ ಮೊಳೆಯ ತೂತುಗಳು ಸಹ ಸ್ಪಷ್ಟವಾಗಿ ಕಾಣಿಸಿದವು. ಸೂರು ತಗ್ಗಾಗಿರುವ ಮಲೆನಾಡಿನ ಮನೆಯಲ್ಲಿ ಮುಚ್ಚಿಗೆಗೆ ನೇರ ಬೆಳಕು ಸಿಗುವುದಿಲ್ಲ. ಕಿಟಕಿಯಿಂದ ಬಂದು ನೆಲಕ್ಕೆ ಬಿದ್ದು ಮೇಲಕ್ಕೆ ಮರಳಿದ ಬೆಳಕೇ ಅದನ್ನು ತೋರಿಸಬೇಕು. ಆ ಬೆಳಕನ್ನು ನನ್ನ ಕಂದು ಟೈಲ್ಸ್ ನುಂಗಿಬಿಟ್ಟಿತ್ತು. ಜೊತೆಗೆ, ಅಚ್ಚು ಹಾಕಿದ ನಾರು ಕಾಲಡಿಯಲ್ಲಿದ್ದುದರಿಂದ ತಲೆಯ ಮೇಲಿನ ನಿಜವಾದ ಮರವೂ ಅಚ್ಚಿನದೇ ಎಂಬಂತೆ ಕಾಣುತ್ತಿತ್ತು, ಅದು ನನಗೆ ಹೆಚ್ಚು ನೋವು ತಂದಿತು.

ಟೈಲ್ಸ್ ಕೀಳಿಸಿದ ಖರ್ಚನ್ನು ನಾನೇ ಭರಿಸಿದೆ. ಆಮೇಲೆ ಬೇರೆ ಬೇರೆ ಮಾದರಿಗಳನ್ನು ತಂದು, ಒಂದೊಂದರಲ್ಲೂ ನಾಲ್ಕು ತುಂಡುಗಳನ್ನು ಅದೇ ನೆಲದ ಮೇಲಿಟ್ಟು, ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ ನೋಡಿದೆವು. ಹೊಳೆಯುವ ಬಿಳಿ ಟೈಲ್ಸ್ ಬೆಳಕನ್ನೇನೋ ಮರಳಿಸುತ್ತಿತ್ತು, ಆದರೆ ಕಿಟಕಿಯ ಪ್ರತಿಬಿಂಬ ಕಣ್ಣಿಗೆ ಹೊಡೆಯುತ್ತಿತ್ತು. ಮಳೆಗಾಲದಲ್ಲಿ ನೆಲ ಬೆವರಿದಾಗ ಅದರ ಮೇಲೆ ವಯಸ್ಸಾದವರು ಜಾರುವ ಭಯವೂ ಇತ್ತು. ಕಡಪ ಕಲ್ಲು ತೀರಾ ಕಪ್ಪು. ತಿಳಿಬೂದು ಬಣ್ಣದ ಶಹಾಬಾದ್ ಕಲ್ಲು ಮಾತ್ರ ಬೆಳಕನ್ನು ಮೆತ್ತಗೆ ಮೇಲಕ್ಕೆ ಕಳುಹಿಸಿತು, ಮತ್ತು ಅದರ ತಣ್ಣನೆಯ ಬೂದು ಬಣ್ಣದೆದುರು ಹೊನ್ನೆಯ ಕೆಂಬಣ್ಣ ಎದ್ದು ಬಂದಿತು. ಕನ್ನಡಿಯಂತೆ ಹೊಳೆಯುವವರೆಗೆ ಪಾಲಿಶ್ ಹೊಡೆಸಲಿಲ್ಲ. ಕಲ್ಲಿನ ಸಂದುಗಳನ್ನು ಮುಚ್ಚಿಗೆಯ ಹಲಗೆಗಳು ಸಾಗುವ ದಿಕ್ಕಿಗೇ ಹೊಂದಿಸಿದೆವು.

ಅಡುಗೆಮನೆಗೆ ಈ ಕಲ್ಲು ಬೇಡವೆಂದೆ. ಇದು ಸುಣ್ಣದ ಕಲ್ಲಿನ ಜಾತಿಯದಾದ್ದರಿಂದ ನಿಂಬೆ, ವಾಟೆಹುಳಿ ಚೆಲ್ಲಿದರೆ ಕಲೆ ಉಳಿಯುತ್ತದೆ. ಅಲ್ಲಿ ಮುಚ್ಚಿಗೆಯೂ ಇಲ್ಲ; ಅಜ್ಜಿ ವರ್ಷಗಳಿಂದ ಒರೆಸಿ ನುಣುಪಾಗಿಸಿದ ಕೆಂಪು ಆಕ್ಸೈಡ್ ನೆಲವನ್ನು ಹಾಗೆಯೇ ಉಳಿಸಿ, ಬಿರುಕುಗಳನ್ನಷ್ಟೇ ಮುಚ್ಚಿಸಿದೆ. ಕೆಂಪು ನೆಲವೂ ಬೂದು ಕಲ್ಲೂ ಸೇರುವ ಹೊಸ್ತಿಲಿನ ಬಳಿ ಮೂರು ಇಂಚು ಅಗಲದ ಕಡಪದ ಪಟ್ಟಿಯೊಂದನ್ನು ಕೂರಿಸಿದೆವು.