ಗ್ರಾಮಸಭೆಯಲ್ಲಿ ಆಡಿದ್ದು ನಡಾವಳಿಗೆ ಇಳಿಯಲಿ

ಗಂಟಲು ಹರಿಯುವಂತೆ ಕೂಗಾಡಿದರೂ ಗ್ರಾಮಸಭೆಯ ಎಷ್ಟೋ ಮಾತುಗಳು ಎಲ್ಲೂ ದಾಖಲಾಗಿರುವುದಿಲ್ಲ. ಆರು ತಿಂಗಳು ಕಳೆದರೆ ಮತ್ತೆ ಅದೇ ಚರಂಡಿ, ಅದೇ ಒಡೆದ ಪೈಪು, ಅದೇ ಕೂಗು. ಸಭೆಯ ಚರ್ಚೆ, ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಇಲ್ಲದಿದ್ದರೆ ಮುಂದೆ ಯಾರ ಹತ್ತಿರವೂ ಉತ್ತರ ಕೇಳಲು ಆಧಾರ ಉಳಿಯುವುದಿಲ್ಲ.

ಕೆಲಸ ಶುರುವಾಗುವುದು ಗ್ರಾಮಸಭೆಗಿಂತ ಮುಂಚೆ, ಒಂದು ವಾರ್ಡಿನ ಮತದಾರರಷ್ಟೇ ಸೇರುವ ವಾರ್ಡ್ ಸಭೆಯಲ್ಲಿ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಎರಡೂ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ (ಕನಿಷ್ಠ ಹಾಜರಿ) ಸಾಕು. ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ. ಬಂದವರಲ್ಲಿ ಶೇಕಡಾ 30ರಷ್ಟಾದರೂ ಮಹಿಳೆಯರಿರಬೇಕು. ಇಪ್ಪತ್ತು ಜನ ಕೂರುವ ಕಡೆ ನಿಮ್ಮ ಬೀದಿಯ ಐದು ಮನೆಯವರು ಒಟ್ಟಾಗಿ ಹೋದರೆ ಮಾತಿಗೆ ತೂಕ ಬರುತ್ತದೆ. ನೂರಾರು ಜನರ ಗಲಾಟೆಯಲ್ಲಿ ಆ ಅವಕಾಶ ಸಿಗುವುದು ಕಷ್ಟ.

ಸಭೆಯ ತಾರೀಕು ತಿಳಿಯದೇ ಹೋಗುವುದು ಮೊದಲ ತೊಡಕು. ಪಂಚಾಯಿತಿ ಬಾಗಿಲಿಗೆ ನೋಟಿಸ್ ಅಂಟಿಸಿ ಸುಮ್ಮನಾದರೆ ದೂರದ ಹಟ್ಟಿ, ಕಾಲೊನಿಗಳಿಗೆ ಸುದ್ದಿ ಮುಟ್ಟುವುದಿಲ್ಲ. ಡಂಗುರ ಸಾರಿಸಿ, ಅಂಗನವಾಡಿ ಮತ್ತು ಹಾಲಿನ ಡೈರಿಯ ಗೋಡೆಗೂ ನೋಟಿಸ್ ಹಚ್ಚಿಸಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಮುಂಚಿತವಾಗಿ ಬರೆದುಕೊಡಿ. ಕೊಯ್ಲಿನ ಹೊತ್ತಲ್ಲಿ ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಕೂಲಿಗೆ ಹೋಗುವ ಹೆಂಗಸರು ಬರಲಾರರು. ಹೊತ್ತು ಬದಲಿಸಿ ಎಂದೂ ಅದೇ ಪತ್ರದಲ್ಲಿ ಕೇಳಬಹುದು.

ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಮೇಲ್ಗಡೆ ದಿನಾಂಕ ಮತ್ತು ಸಭೆಯ ಹೆಸರು ಬರೆದಿದೆಯೇ ನೋಡಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಅದು ಬೇರೆ ಯಾವುದೋ ಠರಾವಿನ ಹಿಂದೆ ಸೇರಿಕೊಂಡರೆ ಬಿಡಿಸುವುದು ಬಹಳ ಕಷ್ಟ.

ಬೇಡಿಕೆ ಬರವಣಿಗೆಯಲ್ಲಿರಲಿ, ಒಂದು ಹಾಳೆಗೆ ಒಂದೇ ವಿಷಯ. ‘ನೀರು ಸರಿಯಾಗಿ ಬರಲ್ಲ’ ಎಂದರೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುತ್ತದೆ. ಯಾವ ಬೀದಿ, ಎಷ್ಟು ಮನೆ, ಎಷ್ಟು ದಿನಕ್ಕೊಮ್ಮೆ ನೀರು, ಕೆಟ್ಟಿರುವುದು ಮೋಟರೋ ವಾಲ್ವೋ, ಇಷ್ಟನ್ನೂ ಬರೆಯಿರಿ. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ವಿಷಯ ಮುಗಿದ ಕೂಡಲೇ, ಬರೆದುಕೊಂಡದ್ದನ್ನು ಓದಿ ಹೇಳಿ ಎಂದು ಸಭೆಯ ಉಸ್ತುವಾರಿಗೆ ಬಂದ ನೋಡಲ್ ಅಧಿಕಾರಿಯನ್ನು ಕೇಳಿ. ಯಾರು ಮಾಡಬೇಕು, ಎಂದಿನೊಳಗೆ ಎಂಬುದು ಅದರಲ್ಲಿಲ್ಲದಿದ್ದರೆ ಅಲ್ಲೇ ಸೇರಿಸಿ ಎನ್ನಿ.

ಮನೆ ಹಂಚಿಕೆಯ ಫಲಾನುಭವಿ ಪಟ್ಟಿ ಬಂದಾಗ ಮಾತ್ರ ಯಾರೂ ಎದ್ದು ಹೋಗಬಾರದು. ಆಯ್ಕೆ ಮಾಡುವ ಅಧಿಕಾರ ಗ್ರಾಮಸಭೆಯದು. ಆದರೂ ಚಹಾ ಕುಡಿದು ಅರ್ಧ ಜನ ಹೊರಟ ಮೇಲೆ ಪಟ್ಟಿ ಓದುವುದುಂಟು. ಒಂದೊಂದೇ ಹೆಸರನ್ನು ಜೋರಾಗಿ ಓದಿಸಿ. ಆಕ್ಷೇಪವಿದ್ದರೆ ಹೆಸರು, ಕಾರಣ ಎರಡನ್ನೂ ನಡಾವಳಿಯಲ್ಲಿ ಬರೆಸಿ. ಗುಡಿಸಲಲ್ಲಿರುವ ವಿಧವೆಯ ಹೆಸರು ಬಿಟ್ಟುಹೋಗಿದ್ದರೆ ಅವರ ಪರವಾಗಿ ನೆರೆಮನೆಯವರು ಎದ್ದು ನಿಲ್ಲಬೇಕು. ಎಷ್ಟೋ ಸಲ ಆಕೆ ಸಭೆಗೇ ಬಂದಿರುವುದಿಲ್ಲ.

ವಾರ ಕಳೆದ ಮೇಲೆ ನಡಾವಳಿಯ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ‘ಇಂಥ ದಿನಾಂಕದ ಗ್ರಾಮಸಭೆಯ ನಡಾವಳಿ ಮತ್ತು ಹಾಜರಿ ಪಟ್ಟಿಯ ದೃಢೀಕೃತ ಪ್ರತಿ’ ಎಂದಷ್ಟೇ ಬರೆಯಿರಿ. ‘ಕೆಲಸ ಯಾಕೆ ಆಗಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಅರ್ಜಿ ವಾಪಸ್ಸು ಬರುವ ಸಾಧ್ಯತೆ ಇದೆ. ಸಭೆಯನ್ನೇ ಕರೆಯುತ್ತಿಲ್ಲವಾದರೆ, ಶೇಕಡಾ 10ರಷ್ಟು ಮತದಾರರು ವಿಷಯಪಟ್ಟಿ ಸಮೇತ ಬರೆದುಕೊಟ್ಟು ವಿಶೇಷ ಗ್ರಾಮಸಭೆಗೆ ಒತ್ತಾಯಿಸಬಹುದು.

ಮುಂದಿನ ಸಭೆಗೆ ಆ ಪ್ರತಿ ಕೈಯಲ್ಲಿ ಹಿಡಿದು ಹೋಗಿ. ಹೊಸ ವಿಷಯ ಎತ್ತುವ ಮೊದಲು, ಹಿಂದಿನ ಠರಾವುಗಳಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಎಂಬ ಪಾಲನಾ ವರದಿಯನ್ನು ಸಾಲುಸಾಲಾಗಿ ಓದಿಸಿ.