ಎಪ್ಕಾಟ್: ಹೊಸ ಬಣ್ಣದಡಿ ಹಳೇ ಪಾರ್ಕು ಹುಡುಕುತ್ತ

ಫ್ಲಾರಿಡಾದ ಡಿಸ್ನಿ ಥೀಮ್ ಪಾರ್ಕು ಎಪ್ಕಾಟ್‌ಗೆ ಎರಡು ಬಾಗಿಲು. ತಂತಿಯಲ್ಲಿ ತೂಗಿ ಸಾಗುವ ಸ್ಕೈಲೈನರ್ ತೊಟ್ಟಿಲು ಹಿಂಬಾಗಿಲಿಗೆ ಇಳಿಸುತ್ತದೆ, ಸಿಡಿಲಿನ ಸೂಚನೆ ಇದ್ದರೆ ಓಡುವುದೇ ಇಲ್ಲ. ಹಳೆಯದನ್ನು ಹುಡುಕುವವರು ಮಾನೊರೈಲನ್ನೇ ಹಿಡಿಯಬೇಕು. ಅದು ಪಾರ್ಕಿನೊಳಗೆ ಒಂದು ಸುತ್ತು ಹಾಕಿ, 55 ಮೀಟರ್ ಎತ್ತರದ ಸ್ಪೇಸ್‌ಶಿಪ್ ಅರ್ತ್ ಗೋಳವನ್ನು ತೋರಿಸಿ ಮುಂಬಾಗಿಲಿಗೆ ಬಿಡುತ್ತದೆ. 1982ರ ಅಕ್ಟೋಬರ್‌ನಲ್ಲಿ ಪಾರ್ಕು ತೆರೆದಾಗ ಬಂದವರು ಕಂಡದ್ದೂ ಈ ನೋಟವನ್ನೇ.

ಕೆಲ ವರ್ಷಗಳಿಂದ ಪಾರ್ಕಿನ ಒಂದೊಂದೇ ಭಾಗವನ್ನು ಬದಲಿಸುತ್ತ ಬಂದಿದ್ದಾರೆ. ಆ ಹೊಸ ವಿನ್ಯಾಸವನ್ನು ಅಭಿಮಾನಿಗಳು ಮನಸಾರೆ ಒಪ್ಪಿದ ಮೊದಲ ಜಾಗ ಈ ಬಾಗಿಲೇ. ಸಂದರ್ಶಕರ ಫೋಟೊ ಕೆತ್ತಿದ ಲೋಹದ ಬಿಲ್ಲೆಗಳನ್ನು ಕೂರಿಸಿದ್ದ ದೊಡ್ಡ ಗ್ರಾನೈಟ್ ಚಪ್ಪಡಿಗಳು ಸುಮಾರು ಇಪ್ಪತ್ತು ವರ್ಷ ಇಲ್ಲಿ ಗೋಳಕ್ಕೆ ಅಡ್ಡ ನಿಂತಿದ್ದವು. ಅವನ್ನು ತೆಗೆದು, ಮೂರು ಪಾರದರ್ಶಕ ಕಂಬಗಳ ಹಳೇ ಕಾರಂಜಿಯನ್ನೇ ಮತ್ತೆ ಕಟ್ಟಿದ್ದಾರೆ. ಫೋಟೊಗಳನ್ನು ಗೇಟಿನ ಹೊರಗೆ ಜೋಡಿಸಿದ್ದಾರೆ.

ಎಡಕ್ಕೆ ಹೊರಳಿದರೆ ಜಗಳ ಶುರು. ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಸಿನಿಮಾದ ರೋಲರ್ ಕೋಸ್ಟರ್ 2022ರಲ್ಲಿ ಬಂತು. ಅದಕ್ಕೂ ಮೊದಲು ಅಲ್ಲಿದ್ದದ್ದು ಶಕ್ತಿಮೂಲಗಳ ಕಥೆ ಹೇಳುವ ಮುಕ್ಕಾಲು ಗಂಟೆಯ ಪ್ರದರ್ಶನ. ಪ್ರೇಕ್ಷಕರ ಆಸನಗಳೇ ಡೈನೊಸಾರ್‌ಗಳ ನಡುವೆ ಚಲಿಸುತ್ತಿದ್ದವು. ಈಗ ಆ ಪ್ರದರ್ಶನದ ಮಂಟಪ ಬರೀ ಸಾಲು ನಿಲ್ಲುವ ಜಾಗ, ಕೋಸ್ಟರ್ ಓಡುವುದು ಹಿಂದೆ ಕಟ್ಟಿದ ದೈತ್ಯ ಡಬ್ಬದಲ್ಲಿ. ರೈಡ್ ಸೊಗಸಾಗಿದೆ, ಹಳಬರೂ ಅದನ್ನು ಅಲ್ಲಗಳೆಯುವುದಿಲ್ಲ. ವಿಷಯವೇ ಮಾಯವಾಯಿತಲ್ಲ ಎಂಬುದು ಅವರ ತಕರಾರು. ಬಂಡಿ ಓಡುತ್ತಲೇ ತಿರುಗುವುದರಿಂದ ತಲೆಸುತ್ತು ಬರುವವರು ಬಂಡಿ ಹೋಗುವ ದಿಕ್ಕನ್ನೇ ನೋಡುತ್ತಿರುವುದು ವಾಸಿ. 107 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಪ್ರವೇಶವಿಲ್ಲ.

ಅದೇ ಬದಿಯ ಕಾರಿನ ರೈಡ್ ಟೆಸ್ಟ್ ಟ್ರ್ಯಾಕ್ ಇದಕ್ಕೆ ತದ್ವಿರುದ್ಧ. 2025ರ ಜುಲೈನಲ್ಲಿ ಮತ್ತೆ ತೆರೆದಾಗ, ಅದೇ ಜಾಗದಲ್ಲಿದ್ದು 1996ರಲ್ಲಿ ಮುಚ್ಚಿದ, ಸಾರಿಗೆಯ ಕಥೆ ಹೇಳುವ ವರ್ಲ್ಡ್ ಆಫ್ ಮೋಷನ್ ರೈಡಿನಿಂದಲೇ ಸ್ಫೂರ್ತಿ ಪಡೆದಿತ್ತು. ಮಳೆ ಬಂದರೆ ನಿಲ್ಲುತ್ತದೆ, ಏಕೆಂದರೆ ಗಂಟೆಗೆ ನೂರು ಕಿಲೋಮೀಟರ್ ದಾಟುವ ಕೊನೆಯ ಓಟ ಬಯಲಿನಲ್ಲಿದೆ. ಫ್ಲಾರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನದ ಮಳೆ ಮಾಮೂಲು, ಹಾಗಾಗಿ ಬೆಳಗ್ಗೆಯೇ ಮುಗಿಸಿಕೊಳ್ಳಿ.

ನಡುವಿನ ಅಂಗಳ ನಮ್ಮ ಮಟ್ಟಿಗೆ ಇಡೀ ಪಾರ್ಕಿನ ಸಪ್ಪೆ ಭಾಗ. 2019ರಲ್ಲಿ ಘೋಷಿಸಿದ್ದು ಮೂರಂತಸ್ತಿನ ಉತ್ಸವ ಮಂಟಪ, 2024ರಲ್ಲಿ ಸಿಕ್ಕಿದ್ದು ಚಪ್ಪಟೆ ಸಭಾಂಗಣ. 1982ರ ‘ಕಮ್ಯುನಿಕೋರ್’ ಹೆಸರನ್ನು ಅದಕ್ಕಿಟ್ಟು ಹಳಬರನ್ನು ಸಮಾಧಾನ ಮಾಡಿದ್ದಾರೆ. ಸಂಗೀತಕ್ಕೆ ಕುಣಿಯುತ್ತಿದ್ದ ದೊಡ್ಡ ಕಾರಂಜಿ ಮಾತ್ರ ಮರಳಲಿಲ್ಲ.

ಅಭಿಮಾನಿಗಳ ಸಿಟ್ಟಿಗೆ ಎಷ್ಟು ಬಲವಿದೆ ಎಂದು ನೋಡಬೇಕಿದ್ದರೆ ಇಮ್ಯಾಜಿನೇಷನ್ ಮಂಟಪಕ್ಕೆ ಬನ್ನಿ. ನೇರಳೆ ಬಣ್ಣದ ಪುಟ್ಟ ಡ್ರ್ಯಾಗನ್ ಫಿಗ್ಮೆಂಟ್ ಇಲ್ಲಿಯ ಯಜಮಾನ. 1999ರ ಮರುವಿನ್ಯಾಸದಲ್ಲಿ ಅದನ್ನು ಹೆಚ್ಚುಕಡಿಮೆ ಹೊರಗಟ್ಟಿದರು. ಗಲಾಟೆ ಎಷ್ಟಾಯಿತೆಂದರೆ ಎರಡೇ ವರ್ಷದಲ್ಲಿ ರೈಡ್ ಮುಚ್ಚಿ, 2002ರಲ್ಲಿ ಫಿಗ್ಮೆಂಟನ್ನು ಕರೆತಂದರು. ಆದರೆ ದೂರು ಮುಗಿದಿಲ್ಲ. ಮೊದಲ ರೈಡಿನಲ್ಲಿ ಬಂಡಿಗಳನ್ನು ಹೊತ್ತು ತಿರುಗುತ್ತಿದ್ದ ದೊಡ್ಡ ಚಕ್ರವೇದಿಕೆಯನ್ನು ಕಿತ್ತು, ಹಳಿಯನ್ನೂ ಮೊಟಕು ಮಾಡಿದ್ದರು. ಅದು ವಾಪಸು ಬರುವ ಮಾತೇ ಇಲ್ಲ. ಡ್ರ್ಯಾಗನ್ ಬಂತು, ಪ್ರಯಾಣ ಅರ್ಧವೇ ಉಳಿಯಿತು. ಇಲ್ಲಿ ಸಾಲು ಸಾಮಾನ್ಯವಾಗಿ ಚಿಕ್ಕದು, ಬಿಸಿಲೇರಿದ ಮೇಲೆ ಬಂದರೂ ನಡೆಯುತ್ತದೆ.

ಪಕ್ಕದ ಲ್ಯಾಂಡ್ ಮಂಟಪದ ದೋಣಿ ಹೆಚ್ಚು ಬದಲಾಗದೆ ಉಳಿದದ್ದು. ಹಸಿರುಮನೆಯಲ್ಲಿ ಮಣ್ಣಿಲ್ಲದೆ ಬೆಳೆದ ತರಕಾರಿ ನೋಡುತ್ತ ಸಾಗಬಹುದು. ದೋಣಿಯಲ್ಲೇ ನಿಂತು ವಿವರಿಸುವವರು 2006ರವರೆಗೂ ಇದ್ದರು, ಈಗ ಧ್ವನಿಮುದ್ರಣ. ತೂಗುಸೀಟಿನಲ್ಲಿ ಕೂತು ಹಾರುವಂತೆ ಚಿತ್ರ ನೋಡುವ, ಅದೇ ಮಂಟಪದ ಸೋರಿನ್‌ನಲ್ಲಿ ಮಾತ್ರ ಸೀಟು ನೋಡಿ ಕೂರಬೇಕು. ಬಾಗಿದ ಪರದೆಯಾದ್ದರಿಂದ, 2016ರ ಚಿತ್ರದ ಐಫೆಲ್ ಗೋಪುರ ಅಂಚಿನ ಸೀಟಿನಿಂದ ಬಾಳೆಹಣ್ಣಿನಂತೆ ಡೊಂಕಾಗಿ ಕಂಡು ನಗೆಪಾಟಲಾಯಿತು. ಬಾಗಿಲಲ್ಲಿ ‘ಬಿ ವಿಭಾಗ, ಒಂದನೇ ಸಾಲು’ ಎಂದು ಕೇಳಿ. ಕೊಡದಿದ್ದರೆ ಮುಂದಿನ ಸರದಿಗೆ ಕಾಯಿರಿ. ನಡುವೆ, ಮೇಲುಗಡೆ ಕೂತರೆ ಚಿತ್ರವೂ ನೆಟ್ಟಗೆ, ಎದುರಿಗೆ ಯಾರ ಕಾಲೂ ಜೋತಾಡುವುದಿಲ್ಲ.

ಪಾರ್ಕಿನ ಹಿಂಭಾಗದ ಕೆರೆಯ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ, ಭಾರತ ಇಲ್ಲ. 1988ರಲ್ಲಿ ಸೇರಿದ ನಾರ್ವೆಯೇ ಕೊನೆಯದು. ಅದರ ಮೇಲ್‌ಸ್ಟ್ರಾಮ್ ದೋಣಿ ರೈಡನ್ನು 2014ರಲ್ಲಿ ಮುಚ್ಚಿ ‘ಫ್ರೋಜನ್’ ಸಿನಿಮಾದ ರೈಡ್ ಮಾಡಿದಾಗ, ನಿಜವಾದ ನಾಡಿನೊಳಗೆ ಕಲ್ಪನೆಯ ರಾಜ್ಯವೇಕೆ ಎಂಬ ಪ್ರಶ್ನೆ ಎದ್ದಿತು. ಕಾಲುವೆ ಅದೇ, ಹದಿನಾರು ಜನರ ದೋಣಿಯೂ ಅದೇ. ಬರುವವರು ಮಾತ್ರ ಎಷ್ಟೋ ಪಾಲು ಹೆಚ್ಚಿದ್ದಾರೆ. ಸಾಲು ಅಷ್ಟುದ್ದ ಬೆಳೆಯಲು ದೋಣಿ ಹಿಗ್ಗದೆ ಉಳಿದದ್ದೂ ಒಂದು ಕಾರಣ.

ರಾತ್ರಿ ಪ್ರದರ್ಶನ ಮುಗಿದೊಡನೆ ಮಾನೊರೈಲಿಗೆ ಓಡಬೇಡಿ. ಜನ ಕರಗುವವರೆಗೆ ಗೋಳದೆದುರು ಕೂತು, 2021ರಲ್ಲಿ ಅದರ ಮೈಗೆ ಕೂರಿಸಿದ ದೀಪಗಳನ್ನು ನೋಡಿ. ಹೊಸದಾದರೂ ಇದನ್ನು ಬೈಯುವ ಹಳಬರು ಅಪರೂಪ.